ಅಲ್ಲಾಡಬಾರದ ರಾಜ

"ಅಲ್ಲಾಡ್ಬೇಡ ಕಣೇ, ಸೂಜಿ ಚುಚ್ಚತ್ತೆ," ಎಂದಳು ಅಮ್ಮ.

ಸ್ಟೂಲಿನ ಮೇಲೆ ನಿಂತ ಚಿಟ್ಟೆಗೆ ಅದೇ ಕಷ್ಟ. ಒಂದು ಕಡೆ ನಿಲ್ಲುವ ಜಾಯಮಾನವೇ ಅವಳದಲ್ಲ. ಆ ಅಡ್ಡಹೆಸರು ಬಂದದ್ದೂ ಅದಕ್ಕೇ. ಅಮ್ಮ ಸೋಫಾ ಕವರ್ ಹೊಲಿಯುವವಳು. ಯಾರದೋ ಸೋಫಾಕ್ಕೆ ತಂದು ಮಿಕ್ಕಿದ್ದ ಕೆಂಪು ವೆಲ್ವೆಟ್ ಈಗ ರಾಜನ ನಿಲುವಂಗಿ ಆಗುತ್ತಿತ್ತು. ಚರ್ಚಿನ ನಾಟಕದಲ್ಲಿ ಚಿಟ್ಟೆಯೇ ರಾಜ ಯೇಸು.

"ನಂಗೆ ಒಂದೂ ಡೈಲಾಗ್ ಇಲ್ಲಮ್ಮ. ಸುಮ್ನೆ ಕೂತಿರ್ಬೇಕಂತೆ. ಇವತ್ತು ರಿಹರ್ಸಲ್‌ನಲ್ಲಿ ಎದ್ರೆ ಪಾರ್ಟ್ ಬೇರೆಯವ್ರಿಗೆ ಅಂದಿದಾರೆ ಟೀಚರ್."

"ರಾಜ ಅಂದ್ಮೇಲೆ ಕೂತಿರ್ಲೇಬೇಕಲ್ಲ," ಎಂದು ಅಮ್ಮ ದಾರ ಕಚ್ಚಿ ತುಂಡು ಮಾಡಿದಳು.

ಮಧ್ಯಾಹ್ನ ಚರ್ಚಿನಲ್ಲಿ ಚಿಟ್ಟೆ ಮೆಟ್ಟಿಲುಗಳ ಮೇಲಿನ ಎತ್ತರದ ಕುರ್ಚಿಯಲ್ಲಿ ಕುಳಿತಳು. ಬಣ್ಣದ ಗಾಜಿನ ಕಿಟಕಿಯಿಂದ ನೀಲಿ, ಹಳದಿ ಬೆಳಕು ಅವಳ ಮಡಿಲಿಗೆ ಇಳಿದಿತ್ತು. ಯಾರೋ ಮೆಲ್ಲಗೆ ಪಿಯಾನೊ ನುಡಿಸುತ್ತಿದ್ದರು. ತಾನು ನೀರಿನೊಳಗೆ ತೇಲುತ್ತಿದ್ದೇನೆ ಅನ್ನಿಸಿತು ಚಿಟ್ಟೆಗೆ. ಎಷ್ಟು ಚೆನ್ನಾಗಿತ್ತು! ಈ ಪಾರ್ಟ್ ಮಾತ್ರ ಯಾರಿಗೂ ಬಿಟ್ಟುಕೊಡಬಾರದು.

ಕೆಳಗೆ ಮಕ್ಕಳು ತಮ್ಮ ತಮ್ಮ ಪಾತ್ರದಲ್ಲಿ ಸಾಲಾಗಿ ಬರುತ್ತಿದ್ದರು. ಕುರುಡ, ಕುಂಟ, ದೀಪ ಹಿಡಿದವಳು. ರಾಜ ಇರುವಲ್ಲಿಗೆ ಬಂದು ಮಂಡಿಯೂರಬೇಕು, ಅಷ್ಟೇ ಅವರ ಕೆಲಸ. ಕೊನೆಯಲ್ಲಿ ಮೈತುಂಬ ಹತ್ತಿ ಅಂಟಿಸಿಕೊಂಡ ಕುರಿಮರಿ. ಅವಳು ಎಲ್ಲರಿಗಿಂತ ಚಿಕ್ಕವಳು.

ಕುರಿಮರಿ ಬಾಗಿಲ ಹತ್ತಿರವೇ ನಿಂತುಬಿಟ್ಟಳು. ಅವಳ ಕಾಲ ಬಳಿ ನೆಲ ಒದ್ದೆಯಾಯಿತು.

"ಅಯ್ಯೇ, ಕುರಿ ಸುಸ್ಸು ಮಾಡ್ಕೊಂಡ್ತು," ಎಂದ ಒಬ್ಬ. ಎಲ್ಲರೂ ಕಿಸಕ್ಕನೆ ನಕ್ಕರು.

ಕುರಿಮರಿ ಅಳಲಿಲ್ಲ. ಬೇರೆ ಯಾರನ್ನೂ ನೋಡದೆ ನೇರವಾಗಿ ರಾಜನನ್ನೇ ನೋಡಿದಳು. ಚಿಟ್ಟೆ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಬಿಟ್ಟಳು.

ಮೆಟ್ಟಿಲಿಳಿದು, ನಗುವವರ ನಡುವೆ ನಡೆದುಹೋಗಿ, ನಿಲುವಂಗಿ ಬಿಚ್ಚಿ ಕುರಿಮರಿಗೆ ಸುತ್ತಿದಳು. ಒದ್ದೆ ನೆಲದ ಪಕ್ಕದಲ್ಲೇ ಕೂತು ಅವಳನ್ನು ಮಡಿಲಿಗೆ ಎಳೆದುಕೊಂಡಳು.

"ಅಕ್ಕಾ, ನಿನ್ನ ಅಂಗಿ ಗಲೀಜಾಗತ್ತೆ."

"ಆಗ್ಲಿ ಬಿಡು."

"ನೀನಿನ್ನು ರಾಜ ಅಲ್ವಾ?"

"ಗೊತ್ತಿಲ್ಲ ಪುಟ್ಟಾ," ಎಂದಳು ಚಿಟ್ಟೆ. ಪಾರ್ಟ್ ಹೋಯಿತು ಎಂದು ಗೊತ್ತಿತ್ತು.

ನಗು ನಿಂತಿತ್ತು. ಪಿಯಾನೊ ಮಾತ್ರ ನಿಂತಿರಲಿಲ್ಲ. ದೀಪ ಹಿಡಿದವಳು ಖಾಲಿ ಕುರ್ಚಿಯನ್ನು ನೋಡಿದಳು, ಟೀಚರನ್ನು ನೋಡಿದಳು. ಎಲ್ಲಿಗೆ ಹೋಗಬೇಕೆಂದು ತೋಚದೆ ಒಂದು ಕ್ಷಣ ನಿಂತಳು. ಆಮೇಲೆ ಹಿಂದಿರುಗಿ ಬಂದು ಚಿಟ್ಟೆಯ ಎದುರು ಮಂಡಿಯೂರಿದಳು. ಅವಳ ಹಿಂದೆ ಕುಂಟ, ಕುರುಡ, ಮೊದಲು ನಕ್ಕಿದ್ದ ಹುಡುಗನೂ.

"ಟೀಚರ್, ನಾನು ಕುರ್ಚಿಗೆ ಹೋಗ್ಲಾ?" ಎಂದು ಚಿಟ್ಟೆ ಪಿಸುಗುಟ್ಟಿದಳು.

ಟೀಚರ್ ಬೇಡವೆಂದು ತಲೆಯಾಡಿಸಿದರು. ಅವರೂ ಬಂದು ನೆಲದ ಮೇಲೆ ಕೂತರು.

ಚಿಟ್ಟೆ ಮತ್ತೆ ಕುರ್ಚಿಯ ಕಡೆ ನೋಡಲಿಲ್ಲ. ಕುರಿಮರಿಯ ಕೂದಲಿಗೆ ಅಂಟಿದ್ದ ಹತ್ತಿಯನ್ನು ಒಂದೊಂದಾಗಿ ಬಿಡಿಸತೊಡಗಿದಳು.