ಗೋಡೆಯ ಹಿಂದಿನ ಚಳಿ

"ಕೈ ಕೊಡು," ಎಂದ ಓಸ್ಸಿ. ನನ್ನ ಅಂಗೈಗಳನ್ನು ತನ್ನ ಒರಟು ಕೈಗಳ ನಡುವೆ ಇಟ್ಟುಕೊಂಡು ಗಂಭೀರವಾಗಿ ತಲೆಯಾಡಿಸಿದ. "ಇಲ್ಲೆಲ್ಲೂ ಗಾಳಿ ಸೋರ್ತಾ ಇಲ್ಲ. ಪಾಸ್."

"ಪರೀಕ್ಷೆ ನಿನ್ನ ಹೆಲ್ಕಾಗೆ ಅಲ್ಲಪ್ಪ, ಮನೆಗೆ," ಎಂದಳು ಕೆರ್ತು, ಬಾಗಿಲಿಗೆ ಫ್ಯಾನ್ ಕಟ್ಟುತ್ತಾ. ಹೊಸ ಮನೆಗಳ ಸೋರಿಕೆ ಅಳೆಯುವುದು ಅವಳ ಕೆಲಸ.

ಹೊರಗೆ ಕೆಮಿಯಾರ್ವಿ ಸರೋವರ ಹೆಪ್ಪುಗಟ್ಟಿತ್ತು. ನಾನು ನಕ್ಷೆ ಬರೆದು, ಓಸ್ಸಿ ಕಟ್ಟಿದ ಈ ಮನೆಯಲ್ಲಿ ಮುಂದಿನ ವಾರದಿಂದ ನಾವಿಬ್ಬರೂ ಇರಬೇಕಿತ್ತು. ದಪ್ಪ ಗೋಡೆ, ಮೂರು ಪದರದ ಗಾಜು, ನೆಲದಾಳದ ಶಾಖ ಎತ್ತುವ ಪಂಪು. ಒಲೆಯಿಲ್ಲ, ಹೊಗೆಯಿಲ್ಲ.

ಆ ನಕ್ಷೆ ಮೊದಲು ತೋರಿಸಿದಾಗ ಬಡಗಿಗಳೆಲ್ಲ ನಕ್ಕಿದ್ದರು. ಓಸ್ಸಿಯೊಬ್ಬ ಮಾತ್ರ ಕಿವಿಯ ಮೇಲಿನ ಪೆನ್ಸಿಲ್ ಕೈಗೆ ತೆಗೆದುಕೊಂಡು, ನಕ್ಷೆ ಬಿಟ್ಟು ನನ್ನನ್ನೇ ನೋಡುತ್ತಾ, "ಬೆಂಕಿ ಯಾಕೆ ಬೇಕು? ನೀವು ಹೀಗೆ ಬಂದು ಕೂತರೆ ಸಾಕಲ್ಲ," ಎಂದಿದ್ದ. ನಾನು ಸೋತದ್ದು ಆ ಮಾತಿಗೇ.

ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆಳೆಯತೊಡಗಿತು. ಎಲ್ಲಿ ಸಂದಿದೆಯೋ ಅಲ್ಲಿಂದ ಚಳಿ ಒಳಗೆ ನುಗ್ಗುತ್ತದೆ. ಮೀಟರ್ ನೋಡಿ ಕೆರ್ತು ಹುಬ್ಬು ಗಂಟಿಕ್ಕಿದಳು.

ಕಿಟಕಿ, ಮೂಲೆ, ಪೈಪು, ಎಲ್ಲ ಕಡೆ ಕೈಯಾಡಿಸಿದೆ. ಎಲ್ಲ ಸರಿಯಿತ್ತು. ಹೊರಗೋಡೆಯ ನಡುವಿನ ಒಂದು ಹಲಗೆಯ ಅಂಚಿನಲ್ಲಿ ಮಾತ್ರ ಸೂಜಿ ಚುಚ್ಚಿದಂತೆ ಚಳಿ ತಾಗಿತು.

"ಅದನ್ನ ಬಿಡು, ನಾನು ಆಮೇಲೆ ನೋಡ್ತೀನಿ," ಎಂದ ಓಸ್ಸಿ. ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ಹಲಗೆ ಕಿತ್ತೆ. ನಕ್ಷೆಯಲ್ಲಿ ನಾನು ಬರೆಯದ ಒಂದು ದುಂಡನೆಯ ತೂತು. ಅದರೊಳಗೆ ಉಕ್ಕಿನ ಕೊಳವೆ, ಕೊಳವೆ ತುಂಬ ಗಾಜಿನ ಉಣ್ಣೆ. ಉಣ್ಣೆ ಚಳಿ ತಡೆಯುತ್ತದೆ, ಗಾಳಿ ತಡೆಯುವುದಿಲ್ಲ. ಇವನಿಗೆ ಅದು ಗೊತ್ತಿರಬೇಕಿತ್ತು.

"ಹೊಗೆಕೊಳವೆ," ಎಂದಳು ಕೆರ್ತು. ಫ್ಯಾನ್ ನಿಲ್ಲಿಸಿ ಹೊರಗೆ ಹೋದಳು.

"ಒಲೆ ಎಲ್ಲಿದೆ?"

"ಶೆಡ್‌ನಲ್ಲಿ. ಟಾರ್ಪಾಲಿನ್ ಕೆಳಗೆ."

"ತೂತು ಯಾವಾಗ ಕೊರೆದೆ?"

"ಮುಯ್ಯಾಳಿನ ದಿನ. ನೀನು ಒಳಗೆ ಸೂಪ್ ಮಾಡ್ತಾ ಇದ್ದಾಗ."

ಅಂದು ಊರಿಗೆ ಊರೇ ಬಂದು ಕೈಜೋಡಿಸಿತ್ತು. ನಾನು ಎಲ್ಲರಿಗೂ ಸಾಲ್ಮನ್ ಮೀನಿನ ಸೂಪ್ ಬಡಿಸಿದ್ದೆ. "ಅಂದರೆ ಎಲ್ಲರಿಗೂ ಗೊತ್ತಿತ್ತು. ನನ್ನೆದುರು ಕೂತು ಉಂಡರಲ್ಲ, ಅಷ್ಟೂ ಜನಕ್ಕೆ."

"ಸೂಪ್ ಹೊಗಳಿದ್ದು ಮಾತ್ರ ನಿಜ ಕಣೇ."

ನಾನು ನಗಲಿಲ್ಲ. ಅವನು ತಲೆ ತಗ್ಗಿಸಿದ.

"ಚಿಕ್ಕವನಿದ್ದಾಗ ಹಿಮದ ಭಾರಕ್ಕೆ ತಂತಿ ಹರಿದು ಕರೆಂಟ್ ಹೋಗಿತ್ತು," ಎಂದ. "ಅಜ್ಜಿ ಮನೆ ರೊಟ್ಟಿ ಒಲೆ ಪಕ್ಕ ಮಲಗಿ ಬದುಕಿದ್ವಿ. ಪಂಪ್ ನಿಂತ್ರೆ ನಿನಗೇನಾಗುತ್ತೋ ಅಂತ..."

"ಈ ಗೋಡೆ ಎಷ್ಟು ದಿನ ಶಾಖ ಹಿಡಿಯುತ್ತೆ ಅಂತ ಲೆಕ್ಕ ಹಾಕಿ ತೋರಿಸಿದ್ದೆನಲ್ಲ. ನೀನು ತಲೆಯಾಡಿಸಿದ್ದೆ."

"ಲೆಕ್ಕ ಅರ್ಥ ಆಗಿತ್ತು. ಭಯ ಹೋಗಿರಲಿಲ್ಲ. ಒಲೆ ಬೇಕು ಅಂದ್ರೆ ನೀನೇ ಹೋಗಿಬಿಡ್ತೀಯೇನೋ ಅನ್ನಿಸ್ತು. ನಿನ್ನನ್ನ ಅಷ್ಟು ಇಷ್ಟಪಡ್ತೀನಿ, ಹೆಲ್ಕಾ."

ಮೊದಲ ಸಲ ಹೇಳಿದ್ದು. ಎಷ್ಟು ಕಾದಿದ್ದೆ ಈ ಮಾತಿಗೆ. ಈಗ ಆ ತೂತಿನ ಪಕ್ಕದಲ್ಲಿ ನಿಂತು ಕೇಳಬೇಕಾಯಿತು.

ಅವನ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಆ ಹಲಗೆಯ ಮೇಲೆಯೇ ಬರೆದೆ. ಚಿಕ್ಕ ಒಲೆ. ಅದಕ್ಕೆ ಬೇಕಾದ ಗಾಳಿ ಹೊರಗಿನಿಂದಲೇ ಬರಲು ಬೇರೆ ಕೊಳವೆ. ಕೊಳವೆಯ ಸುತ್ತ ಬಿಗಿಯಾದ ಪಟ್ಟಿ. ಒಲೆಯ ಮುಂದೆ ಒಂದು ಕುರ್ಚಿ.

"ಹೀಗೆ ಮಾಡಿದರೆ ಸೋರುವುದಿಲ್ಲ. ಹೇಳಿದ್ದರೆ ಅವತ್ತೇ ಬರೆದುಕೊಡುತ್ತಿದ್ದೆ."

ಅವನು ಚಿತ್ರವನ್ನು ಬಹಳ ಹೊತ್ತು ನೋಡಿದ. ಪೆನ್ಸಿಲ್ ತೆಗೆದುಕೊಂಡ, ಆದರೆ ಬರೆಯಲಿಲ್ಲ.

"ಇಲ್ಲಿ ಇನ್ನೊಂದು ಕುರ್ಚಿ ಬರೀಲಾ?"

ಈ ಸಲ ಮಾಡುವ ಮೊದಲು ಕೇಳಿದ್ದ. ನಾನು ಕೋಟಿನ ಗುಂಡಿ ಹಾಕಿಕೊಂಡೆ.

"ಈ ಚಳಿಗಾಲ ಬೇಡ, ಓಸ್ಸಿ."

ಅವನು ಪೆನ್ಸಿಲನ್ನು ಮತ್ತೆ ಕಿವಿಯ ಮೇಲಿಟ್ಟುಕೊಂಡ. ಚಿತ್ರದಲ್ಲಿ ಒಲೆಯ ಪಕ್ಕ ಖಾಲಿ ಉಳಿದ ಜಾಗವನ್ನು ಅಂಗೈಯಿಂದ ಮುಚ್ಚಿ, ನಾನು ಹಿಮದಲ್ಲಿ ಇಳಿದು ಹೋಗುವವರೆಗೂ ಹಾಗೇ ನಿಂತಿದ್ದ.