ಸುಗ್ರಾಬಿಯ ದನಿ ಹೊತ್ತ ಕಾರು

"ಇದರಾಗ ಒದರಿ ಒದರಿ ನನ್ನ ಗಂಟಲು ಹರದೈತಿ. ಇದನ್ನ ರಿಪೇರಿ ಮಾಡಿ ಕೊಡತೇನಿ ಅಂದ್ರ ಇದ ಮೈಕಿಲೆ ನಿಮ್ಮ ತಲಿ ಒಡೀತೇನಿ."

ಸುಗ್ರಾಬಿ ಹಳೆಯ ಮೈಕನ್ನು ಮೇಜಿನ ಮೇಲೆ ಕುಕ್ಕಿದಳು. ಬಿಚ್ಚಿಟ್ಟ ರೇಡಿಯೊದ ತಿರುಪುಗಳು ಚದುರಿ ನೆಲಕ್ಕೆ ಬಿದ್ದವು.

ಗದಗದ ಸ್ಟೇಷನ್ ರಸ್ತೆಯ ಆ ಇಕ್ಕಟ್ಟಾದ ಅಂಗಡಿಯಲ್ಲಿ ದಾದಾಪೀರ ತಲೆಯೆತ್ತಿ ನೋಡಿದ. ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿಕೊಂಡು ನಿಂತ ಹುಡುಗಿ. ಕೆಂಡದಂಥ ಕಣ್ಣು. ಒಡೆದ ದನಿ.

"ತಲಿ ಒಡದ ಮ್ಯಾಲ ಹೊಸಾ ಸೆಟ್ಟು ಯಾರು ಕೂಡಸ್ತಾರ್ರಿ?" ಎಂದ ಅವನು, ತಿರುಪು ಆರಿಸುತ್ತ.

ಅವಳು ನಗಲಿಲ್ಲ. ನಗುವಷ್ಟು ಗಂಟಲು ಅವಳಲ್ಲಿ ಉಳಿದಿರಲಿಲ್ಲ.

ಎಂಬತ್ನಾಲ್ಕರ ಬೇಸಿಗೆ ಅದು. ಗೋವಿಂದಪ್ಪ ಸಾವಕಾರನ ಟೆಂಟ್ ಟಾಕೀಸು ಕೆಲವು ತಿಂಗಳು ಮುಂಡರಗಿಯಲ್ಲಿ, ಕೆಲವು ತಿಂಗಳು ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಿ ಗೂಟ ಹೊಡೆದು, ಈಗ ಬೆಟಗೇರಿಯ ಅಂಚಿಗೆ ಬಂದು ನಿಂತಿತ್ತು. ಯಾವ ಊರಿಗೆ ಟೆಂಟು ಹೋದರೂ ಅದರ ಮುಂದೆ ಒಂದು ಹಳೆಯ ಅಂಬಾಸಿಡರ್ ಕಾರು ಓಣಿ ಓಣಿ ಸುತ್ತುತ್ತಿತ್ತು. ಓಡಿಸುವವನು ಮಕ್ತುಮಸಾಬ ಚಾಚಾ. ಪಕ್ಕದಲ್ಲಿ ಮೈಕು ಹಿಡಿದು "ಇಂದೇ ನೋಡಿರಿ" ಎಂದು ಕೂಗುವವಳು ಸುಗ್ರಾಬಿ.

ಅಪ್ಪ ತೀರಿಹೋದ ವರ್ಷ ಅವಳು ಈ ಕೆಲಸ ಹಿಡಿದಿದ್ದಳು. ಹೆಣ್ಣುಮಗಳ ದನಿ ಹೊಸ್ತಿಲು ದಾಟಬಾರದು ಎಂದ ನೆಂಟರೆಲ್ಲ ಅವಳ ದುಡಿಮೆಯ ಅನ್ನ ಉಂಡು ಕೈ ತೊಳೆದಿದ್ದರು. ಲಕ್ಷ್ಮೇಶ್ವರದ ಸಂತೆಯಲ್ಲಿ ಗಂಡಸರು ಕಾರಿನ ಕಿಟಕಿಗೆ ಮುಖ ಹಚ್ಚಿ, ದನಿ ಇಂಥಾದ್ದಿದ್ರ ಹುಡುಗಿ ಎಂಥಾಕಿ ಇರಬೇಕು ಎಂದು ಹಲ್ಲು ಕಿಸಿಯುತ್ತಿದ್ದರು. ಅವರಿಗೆಲ್ಲ ಅವಳು ಒಂದೇ ಉತ್ತರ ಕೊಡುತ್ತಿದ್ದಳು. ಇನ್ನೂ ಜೋರಾಗಿ ಕೂಗುತ್ತಿದ್ದಳು.

ಆದರೆ ಆ ಹಳೆಯ ಮೈಕು ಸೆಟ್ಟು! ಕಾರಿನ ಬ್ಯಾಟರಿಯನ್ನು ಕುಡಿದು ಮುಗಿಸುತ್ತಿತ್ತು. ಕಾರಿನ ತಲೆಯ ಮೇಲಿದ್ದ ಒಂಟಿ ಭೋಂಗಾ, ಆ ತಗಡಿನ ಧ್ವನಿವರ್ಧಕ, ಅವಳ ಮಾತನ್ನು ಕಿರುಚಾಟ ಮಾಡಿ ಉಗುಳುತ್ತಿತ್ತು. ಕೂಗಿ ಕೂಗಿ ಒಂದು ಮುಂಜಾನೆ ಉಗುಳಿನಲ್ಲಿ ರಕ್ತ ಕಂಡಾಗ ಅವಳು ಟೆಂಟಿಗೆ ನಡೆದು, ಹೊಸ ಸೆಟ್ಟು ತರುವತನಕ ಕಾರು ಹತ್ತುವುದಿಲ್ಲ ಎಂದು ಹಟ ಹಿಡಿದಳು. ಗೋವಿಂದಪ್ಪ ಗೊಣಗುತ್ತಲೇ ಒಪ್ಪಿದ.

"ಆರಿಸಾಕ ಯಾರು ಬರತಾರ?" ದಾದಾಪೀರ ಕೇಳಿದ.

"ನಾನ ಬಂದೇನಲ್ಲ. ಒದರಾಕಿ ನಾನಾದ್ರ ಆರಿಸಾಕಿನೂ ನಾನ."

ಅವನು ಅವಳನ್ನೇ ನೋಡಿದ. ಆ ಮಾತು ಅವನಿಗೆ ಎಲ್ಲೋ ತಾಗಿತ್ತು...

* * *

ಆರಿಸುವ ಕೆಲಸ ಅಷ್ಟು ಸಲೀಸಾಗಿ ಮುಗಿಯಲಿಲ್ಲ.

ಗೋವಿಂದಪ್ಪ ಹುಬ್ಬಳ್ಳಿಯಲ್ಲಿ ಯಾರದೋ ಕಾರಿನೊಳಗೆ ಟೇಪು ನೋಡಿ ಬಂದಿದ್ದ. ತನ್ನ ಕಾರಿಗೂ ಅದು ಬೇಕು, ಹಾಡು ಹಾಕಿಕೊಂಡು ಹೋದರೆ ಜನ ಕೂಡುತ್ತಾರೆ ಎಂದ. ಒಳಗೆ ಕೂರಿಸುವ ಸ್ಪೀಕರು ಒಳಗೆ ಕೂತವರ ಸುಖಕ್ಕೆ, ಓಣಿಗೆ ಭೋಂಗಾನೇ ಬೇಕು ಎಂದು ದಾದಾಪೀರ ಹೇಳಿನೋಡಿದ. ಕಡೆಗೆ ಎರಡೂ ಆಯಿತು. ಡ್ಯಾಶ್‌ಬೋರ್ಡ್ ಕೊರೆದು, ದನಿ ತುಂಬಿಕೊಳ್ಳಲೂ ಬರುವ ಟೇಪು ಕೂರಿಸಿ, ಭೋಂಗಾಕ್ಕೂ ಅದರ ತಂತಿ ಎಳೆದ. ಭೋಂಗಾ ಯಾವುದು ಎಂಬುದು ಮಾತ್ರ ಸುಗ್ರಾಬಿಗೆ ಬಿಟ್ಟದ್ದು.

ಬಿಂಕದಕಟ್ಟಿಯ ದಾರಿಯ ಬಯಲಿನಲ್ಲಿ ಕಾರು ನಿಲ್ಲಿಸಿ ಒಂದೊಂದನ್ನೇ ಕಟ್ಟಿ ನೋಡಿದರು. ದೊಡ್ಡ ಭೋಂಗಾ ಕಿವಿಗೆ ಮುಳ್ಳು ಚುಚ್ಚಿತು. ಇನ್ನೊಂದು ಗೊಗ್ಗರು. ಮುಂದಕ್ಕೊಂದು ಹಿಂದಕ್ಕೊಂದು ಮುಖ ಮಾಡಿದ ಸಣ್ಣ ಜೋಡಿ ಕಟ್ಟಿದಾಗ ದಾದಾಪೀರ ಅವಳ ಕೈಗೆ ಗುಂಡಿ ಇರುವ ಹೊಸ ಮೈಕು ಕೊಟ್ಟು, ಒದರಬೇಡಿ, ಮನೆಯಲ್ಲಿ ತಾಯಿಯ ಕೂಡ ಮಾತಾಡಿದಂತೆ ಆಡಿ ಎಂದ.

ಅವಳು ಮೆಲ್ಲಗೆ ಹೇಳಿದಳು. "ಇಂದೇ ನೋಡಿರಿ... ಬೆಟಗೇರಿಯ ಬಂಧುಗಳೇ, ಇಂದೇ ಬನ್ನಿರಿ..."

ಬಯಲಿನ ಆ ಕಡೆ ಹುಣಸೆಮರದ ಕೆಳಗೆ ನಿಂತಿದ್ದ ಮಕ್ತುಮಸಾಬ ಎರಡೂ ಕೈ ಎತ್ತಿ ಬೀಸಿದ. ಒಂದೊಂದು ಅಕ್ಷರವೂ ಮುಟ್ಟಿತ್ತು.

ಸುಗ್ರಾಬಿಯ ಕಣ್ಣು ತುಂಬಿತು. 'ಇಷ್ಟು ದಿನ ನನಗ ಸುಮ್ನ ಒದರಿಸಿದ್ರಲ್ಲ...'

ಅಳು ಬಂದದ್ದಕ್ಕೆ ತನಗೇ ನಾಚಿಕೆಯಾಗಿ ಅವಳು ನಕ್ಕುಬಿಟ್ಟಳು. ಮೈಕಿನ ಗುಂಡಿ ಬಿಟ್ಟಿರಲಿಲ್ಲ. ಆ ನಗುವೂ ಬಯಲಿನ ಮೇಲೆ ಹರಡಿತು. ಅದನ್ನೇ ಕೇಳುತ್ತ, ಕೈಯಲ್ಲಿನ ಚಹಾ ಮರೆತು ಟೇಪಿನ ಮುಂದೆ ಕಲ್ಲಾಗಿ ಕೂತ ಅವನನ್ನು ಕಂಡು, ಮೊದಲ ಸಲ ಹೆಸರು ಹಿಡಿದು ಕರೆದಳು. "ದಾದಾಪೀರ, ಚಹಾ ಆರಾಕತ್ತೈತಿ. ಕುಡಿ."

ಟೇಪಿನೊಳಗೆ ಕ್ಯಾಸೆಟ್ಟು ಅವಳ ದನಿ ತುಂಬಿಕೊಳ್ಳುತ್ತ ತಿರುಗುತ್ತಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಅವನು ನಿಲ್ಲಿಸಲಿಲ್ಲ.

* * *

ಕಾರು ಸಿದ್ಧವಾಗುವತನಕ ಮನೆಯಲ್ಲಿದ್ದು ಗಂಟಲು ನೋಡಿಕೋ ಎಂದು ಗೋವಿಂದಪ್ಪ ಹೇಳಿ ಕಳಿಸಿದ್ದ. ಈ ಮನುಷ್ಯನಿಗೂ ಕರುಳಿದೆಯಲ್ಲ ಎಂದುಕೊಂಡಿದ್ದಳು ಪಾಪದ ಹುಡುಗಿ.

ಶುಕ್ರವಾರ ಇಳಿಹೊತ್ತು. ಬೆಟಗೇರಿಯ ಮನೆಯ ಕಟ್ಟೆಯ ಮೇಲೆ ಸುಗ್ರಾಬಿ ತಾಯಿ ರಹಿಮತಬಿಯ ಜೊತೆ ಕೂತು ಎದುರುಮನೆಯ ಚೌಡವ್ವನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಓಣಿಯ ತಿರುವಿನಿಂದ ಒಂದು ದನಿ ಬಂತು.

"ಇಂದೇ ನೋಡಿರಿ... ಬೆಟಗೇರಿಯ ಬಂಧುಗಳೇ..."

ಚರಕದ ಮೇಲಿನ ಕೈ ನಿಂತಿತು. ತಾಯಿ ಮಗಳ ಮುಖ ನೋಡಿದಳು. ಮಗಳ ಬಾಯಿ ಮುಚ್ಚಿದೆ. ಮಗಳ ದನಿ ಓಣಿಯಲ್ಲಿ ಬರುತ್ತಿದೆ.

ಸುಗ್ರಾಬಿ ತನ್ನ ಬಾಯಿ ಮುಟ್ಟಿ ನೋಡಿಕೊಂಡಳು. ತಾನು ಸತ್ತು, ತನ್ನ ದನಿಯೊಂದು ಹೊಟ್ಟೆಪಾಡಿಗೆ ಓಣಿ ತಿರುಗುತ್ತಿದೆಯೋ ಎಂಬಂತೆ... 'ಹಂಗಾರ ನಾನು ಬ್ಯಾಡಾದೆ. ದನಿ ಇಟಗೊಂಡು ನನ್ನ ಒಗದ್ರು.'

ಅಷ್ಟಕ್ಕೇ ಮುಗಿಯಲಿಲ್ಲ. ಅಂಬಾಸಿಡರ್ ಎದುರಿಗೆ ಬರುವ ಹೊತ್ತಿಗೆ ಎರಡೂ ಭೋಂಗಾದಿಂದ ಅವಳ ನಗು ಹೊರಬಿತ್ತು. ಬಿಂಕದಕಟ್ಟಿಯ ಬಯಲಿನ ನಗು. ಅದರ ಹಿಂದೆಯೇ, ಇಡೀ ಓಣಿಗೆ: "ದಾದಾಪೀರ, ಚಹಾ ಆರಾಕತ್ತೈತಿ. ಕುಡಿ."

ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಬಾಗಿಲು ಬಾಗಿಲಿಗೆ ತಲೆಗಳು ಬಂದವು. ಯಾರೋ ಕಿಸಕ್ಕನೆ ನಕ್ಕರು. ರಹಿಮತಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸುಗ್ರಾಬಿ ಎದ್ದಳು. ಬುರ್ಖಾ ಹಾಕಿಕೊಳ್ಳಲೂ ಒಳಗೆ ಹೋಗಲಿಲ್ಲ. ನೇರ ನಡೆದು ಕಾರಿನ ಮುಂದೆ ನಿಂತಳು.

ಮಕ್ತುಮಸಾಬ ಬ್ರೇಕು ತುಳಿದ. ಅವನ ಮುಖ ಬಿಳಚಿತ್ತು. ದಾದಾಪೀರ ನಮಾಜಿಗೆ ಹೋದಾಗ ಸಾವಕಾರ ಅಂಗಡಿ ಮುಂದಿನ ಕಾರಿನಲ್ಲಿ ಕೂತು ಟೇಪು ಒತ್ತಿದ್ದನಂತೆ. ಅವಳ ದನಿ ಕೇಳಿದ್ದೇ ತಡ, ಇನ್ನು ಆ ಹುಡುಗಿಯ ಕೂಲಿ ಯಾಕೆ ಎಂದು ಕಾರು ಹೊರಡಿಸಿದನಂತೆ. ಮುಂದೆ ಏನಿದೆ ಎಂದು ತನಗೂ ಗೊತ್ತಿರಲಿಲ್ಲ ಎಂದು ಮುದುಕ ತೊದಲಿದ.

"ಕ್ಯಾಸೆಟ್ ಕೊಡು, ಚಾಚಾ."

"ನಾ ಕೊಡಾಕ ಬರೂದಿಲ್ಲ ಬೇಟಿ. ನೀ ತಗೊಂಡ್ರ ನಾ ನೋಡಿಲ್ಲ." ಅವನು ಮುಖ ಆಚೆ ತಿರುಗಿಸಿದ.

ಅವಳು ಕಿಟಕಿಯಿಂದ ಕೈ ಹಾಕಿ ಕ್ಯಾಸೆಟ್ಟು ಕಿತ್ತುಕೊಂಡಳು. ನಗುತ್ತಿದ್ದವರ ಕಡೆಗೆ ತಿರುಗಿ ಚೌಡವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಒಬ್ಬರಿಗೆ ಚಹಾ ಕುಡಿ ಅಂದದ್ದಕ್ಕ ಏನು ಹಲ್ಲು ಕಿಸೀತೀರಿ? ನಿಮ್ಮನಿಯಾಗ ಯಾರೂ ಅನ್ನೂದಿಲ್ಲೇನು?"

* * *

ಅದೇ ಸಿಟ್ಟಿನಲ್ಲಿ ಅವಳು ಸ್ಟೇಷನ್ ರಸ್ತೆಗೆ ಬಂದಳು. ಕ್ಯಾಸೆಟ್ಟು ಮೇಜಿನ ಮೇಲೆ ಬಿತ್ತು, ಮೊದಲ ದಿನ ಮೈಕು ಬಿದ್ದ ಜಾಗದಲ್ಲೇ.

ಸಾವಕಾರನಿಗೆ ಎಷ್ಟಕ್ಕೆ ಮಾರಿದೆ ಎಂದು ಕೇಳಿದಳು. ದಾದಾಪೀರ ಎದ್ದು ನಿಂತ. ಮಾರಿಲ್ಲ ಎಂದ. ಕಾರು ಕಾಣದಾದಾಗಿನಿಂದ ಹುಡುಕಿ ಬಂದೆ, ಟೆಂಟಿಗೆ ಹೋಗಿ ಕೇಳಿದರೆ ನನ್ನ ಕಾರು, ನನ್ನ ಟೇಪು ಎಂದು ಗದರಿದರು ಎಂದ.

"ತುಂಬಿಕೊಂಡಾಂವ ಯಾರು?"

ಅವನು ಕ್ಯಾಸೆಟ್ಟಿನ ಕಡೆ ನೋಡಿದ. ಆಮೇಲೆ, "ನಾನ... ನನಗ ಬೇಕಾಗಿತ್ತು. ನೀವು ಹೋದ ಮ್ಯಾಲ ಕೇಳಾಕ..."

ಬಿಂಕದಕಟ್ಟಿಯ ಬಯಲಿನ ಆ ದಿನದಿಂದ ಅವಳು ಕಾದಿದ್ದ ಮಾತು! ಬೇರೆ ದಿನವಾಗಿದ್ದರೆ ಅವಳ ಎದೆ ಹೂವಾಗುತ್ತಿತ್ತು. ಇವತ್ತು ಅದು ಉರಿಯಿತು.

"ಸಾವಕಾರ ನನಗ ಹೇಳದ ಒಯ್ದ. ನೀನು ನನಗ ಹೇಳದ ಇಟಗೊಂಡಿ. ಅವಂಗ ಧಂದೆ, ನಿನಗ ಪ್ರೀತಿ. ಇಬ್ಬರಿಗೂ ನನ್ನ ದನಿ ಬೇಕು, ನಾನು ಬ್ಯಾಡ. ಒಂದು ಮಾತು ಹೇಳಿದ್ರ ನಾ ಇಲ್ಲ ಅಂತಿದ್ದಿಲ್ಲ..."

ಕಡೆಯ ಮಾತು ಬಾಯಿ ಜಾರಿದ್ದು ಅವಳಿಗೇ ತಡವಾಗಿ ತಿಳಿಯಿತು. ಕ್ಯಾಸೆಟ್ಟು ಎತ್ತಿಕೊಂಡು ಹೊರನಡೆದಳು. ಅವನು ಹಿಂದೆ ಬರಲಿಲ್ಲ. 'ಬರಬೇಕಿತ್ತು' ಎಂದಿತು ಮನಸ್ಸು. 'ಬಂದಿದ್ರ ಕಪಾಳಕ್ಕ ಹೊಡೀತಿದ್ದೆ' ಎಂದಿತು ಅದೇ ಮನಸ್ಸು.

ಮರುದಿನದ ಸುದ್ದಿ ಮಕ್ತುಮಸಾಬ ತಂದ. ಬೇರೆ ಯಾವಳನ್ನಾದರೂ ಕೂರಿಸಿ ಹೊಸ ಕ್ಯಾಸೆಟ್ಟು ತುಂಬಿಕೊಡು ಎಂದು ಸಾವಕಾರ ದಾದಾಪೀರನನ್ನು ಕರೆಸಿದ್ದ. ಅವನು ಟೆಂಟಿನ ಮುಂದೆ, ಟಿಕೀಟಿಗೆ ನಿಂತ ಜನರೆಲ್ಲ ನೋಡುತ್ತಿದ್ದಂತೆ, ಕಾರಿನೊಳಗೆ ಬಗ್ಗಿ ಟೇಪು ಬಿಚ್ಚಿಕೊಂಡ. ಅದರ ಹಣ ಅವನಿಗಿನ್ನೂ ಮುಟ್ಟಿರಲಿಲ್ಲ, ಸಾಮಾನು ಅವನದೇ. ಗದಗದಲ್ಲಿ ನಿನಗೆ ಕೆಲಸ ಸಿಗದಂತೆ ಮಾಡುತ್ತೇನೆ ಎಂದು ಸಾವಕಾರ ಕೂಗಾಡಿದ. ಭೋಂಗಾ, ಮೈಕು ಇರಲಿ, ಅವನ್ನು ಆರಿಸಿದವಳು ಬಂದು ಮಾತಾಡುತ್ತಾಳೆ ಎಂದಷ್ಟೇ ಹೇಳಿ ದಾದಾಪೀರ ಹೊರಟನಂತೆ. ಆಮೇಲೆ ಸಾವಕಾರನೇ ಮೈಕು ಹಿಡಿದು ಓಣಿ ಸುತ್ತಿದ. ಅವನ ಕೂಗು ಕೇಳಿ, ಯಾರ ಮನೆಯ ಎಮ್ಮೆ ಕಳೆದಿದೆ ಎಂದು ಜನ ಕೇಳಿದರು. ಎರಡು ಆಟ ಖಾಲಿ ಹೋದವು.

ಗೋವಿಂದಪ್ಪ ಬೆಟಗೇರಿಯ ಕಟ್ಟೆಗೆ ತಾನೇ ಬಂದ. ಆದದ್ದು ಆಯಿತು, ಬಾ ಎಂದ.

"ನನ್ನ ದನಿ ಬೇಕಂದ್ರ ನಾನೂ ಬೇಕ್ರಿ ಸಾವಕಾರ್ರ. ಕಾರಿನಾಗ ನಾ ಇದ್ರ ನನ್ನ ದನಿ. ಇಲ್ಲಾಂದ್ರ ಇಲ್ಲ. ಈ ಮಾತು ಓಣಿ ಮುಂದ ಒಪ್ಪಿಕೊಳ್ರಿ."

ಚೌಡವ್ವ, ನೆರೆಯ ಹೆಂಗಸರು, ಕಂಡಿಕೆ ಕೈಯಲ್ಲೇ ಹಿಡಿದು ಸುತ್ತ ನಿಂತಿದ್ದರು. ಗೋವಿಂದಪ್ಪ ಅತ್ತಿತ್ತ ನೋಡಿ ಒಪ್ಪಿಕೊಂಡ.

* * *

ಅಂಬಾಸಿಡರ್ ಸ್ಟೇಷನ್ ರಸ್ತೆಗೆ ಬಂದಾಗ, ನಿಲ್ಲಿಸು ಎಂದು ಸುಗ್ರಾಬಿ ಹೇಳಲಿಲ್ಲ. ಮಕ್ತುಮಸಾಬ ತಾನೇ ನಿಲ್ಲಿಸಿ, ಬೀಡಿ ತರುತ್ತೇನೆಂದು ಇಳಿದುಹೋದ.

ಡ್ಯಾಶ್‌ಬೋರ್ಡಿನಲ್ಲಿ ಟೇಪು ಇದ್ದ ಜಾಗ ತೂತಾಗಿ ಬಾಯಿ ತೆರೆದಿತ್ತು. ಅವಳು ಅದನ್ನೇ ನೋಡುತ್ತ ಕೂತಳು. ಅಂಗಡಿಯಿಂದ ದಾದಾಪೀರ ಬಂದು ಕಿಟಕಿಯಿಂದ ದೂರವೇ ನಿಂತ. ಅಂಗಡಿಯ ಮೇಜಿನ ಮೇಲೆ ಅವನ ಚಹಾ ಹಾಗೇ ಇತ್ತು.

"ಅವತ್ತ ಹಿಂದ ಯಾಕ ಬರಲಿಲ್ಲ?"

"ಬಾ ಅಂತ ನೀವು ಅಂದಿರಲಿಲ್ಲ."

ಸಿಟ್ಟು ಇನ್ನೂ ಇತ್ತು. ಅದರ ತಳದಲ್ಲಿ ಬೇರೇನೋ ಬೆಚ್ಚಗೆ ಕೂತಿತ್ತು.

ಅವಳು ಚೀಲದಿಂದ ಕ್ಯಾಸೆಟ್ಟು ತೆಗೆದು ಚಾಚಿದಳು. ಅವನು ಕೈ ನೀಡಲಿಲ್ಲ.

"ಅದು ಬ್ಯಾಡ್ರಿ. ಅದರಾಗ ನೀವಿಲ್ಲ." ತಡೆದು ತಡೆದು ಅವನು ಹೇಳಿದ, "ನನಗ ನೀವು ಬೇಕು, ಸುಗ್ರಾಬಿ. ನಿಮ್ಮ ಸಿಟ್ಟಿನ ಸಮೇತ. ನೀವು ಹೂಂ ಅಂದ್ರ ನಿಮ್ಮ ಅಮ್ಮಾರ ಕಡೆ ಬಂದು ಮಾತಾಡತೇನಿ. ಇಲ್ಲಾಂದ್ರ ಈ ಮಾತು ಇಲ್ಲೇ ಮುಗೀತು."

"ಸಿಟ್ಟು ಭಾಳ ಐತಿ ನಂದು."

"ಖರೆ ಐತಿ. ಮೊದಲ ದಿನಾನ ತಲಿ ಒಡೀತೇನಿ ಅಂದಿದ್ದಿರಿ."

ಅವಳು ಕಿಟಕಿಯಾಚೆ ತಿರುಗಿದಳು. ರಸ್ತೆಯ ತುಂಬ ಜನ. ಟಾಂಗಾದವರು, ಹತ್ತಿ ವ್ಯಾಪಾರದವರು, ರೈಲು ಇಳಿದು ಬಂದವರು. ಎಲ್ಲರನ್ನೂ ಒಮ್ಮೆ ನೋಡಿದಳು. ಆಮೇಲೆ ಮೈಕು ಎತ್ತಿಕೊಂಡು, ತಾನೇ ಗುಂಡಿ ಒತ್ತಿ, ಇಡೀ ಸ್ಟೇಷನ್ ರಸ್ತೆಗೆ ಮುಟ್ಟುವಂತೆ ಮೆಲ್ಲಗೆ ಹೇಳಿದಳು.

"ದಾದಾಪೀರ... ಚಹಾ ಆರಾಕತ್ತೈತಿ. ಕುಡಿ."

ರಸ್ತೆಗೆ ರಸ್ತೆಯೇ ತಿರುಗಿ ನೋಡಿತು. ಅವನು ಅಲ್ಲೇ ನಿಂತಿದ್ದ, ಕಣ್ಣು ತುಂಬಿಕೊಂಡು.

"ಕುಡೀತೇನ್ರಿ," ಎಂದ. "ಅಮ್ಮಾರ ಕಡೆ ಯಾವಾಗ ಬರಲಿ?"

ಸುಗ್ರಾಬಿ ಗುಂಡಿ ಬಿಟ್ಟಳು. ಈ ಮಾತು ಅವನೊಬ್ಬನಿಗೆ.

"ಚಹಾ ಕುಡದು ಬಾ."