ಕುಂದಾ ಟೀಚರಿಗಾಗಿ ಬರೆದ ಅರ್ಜಿ

ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ, ನಾನು ಒಂದೇ ಕೈಯಿಂದ ನಲವತ್ತೊಂದು ಮಂದಿಯನ್ನು ಕೆಡವಿದೆ. ಇನ್ನೊಂದು ಕೈಯಲ್ಲಿ ಚಹಾ ಇತ್ತು; ಒಂದು ಹನಿ ಚೆಲ್ಲಲಿಲ್ಲ.

ಎಲ್ಲಾ ಕುಂದಾಳ ಸಲುವಾಗಿ. ಖಾಸಬಾಗದ ಮನೆಯ ಪಡಸಾಲೆಯಲ್ಲಿ ಅವಳು ನೌಕರಿ ಅರ್ಜಿಯ ಇಂಗ್ಲಿಷ್ ಕಲಿಸುತ್ತಿದ್ದಳು. ನಾನು ದಿನಾ ಖಾನಾಪುರದಿಂದ ಬಸ್ ಹತ್ತಿ ಹೋಗುತ್ತಿದ್ದದ್ದು ಕಲಿಯಲಿಕ್ಕಲ್ಲ, ತಪ್ಪು ಮಾಡಲಿಕ್ಕೆ. ತಪ್ಪಾದರೆ ತಿದ್ದಲು ಬಾಗುತ್ತಿದ್ದಳು. ಅವಳು ಮುಡಿದ ಅಬ್ಬಲಿಗೆಯ ನೆರಳು ನನ್ನ ವಹಿಯ ಮೇಲೆ ಬೀಳುತ್ತಿತ್ತು.

"ಚನ್ನಬಸಯ್ಯ, 'ಅಟ್ ಯುವರ್ ಡಿಸ್ಪೋಸಲ್' ಅನ್ನೂದಕ್ಕ ಬ್ಯಾರೆ ಮಾತು ಹೇಳ್ರಿ."

"ಅವೇಲೆಬಲ್. ಅಟ್ ಹ್ಯಾಂಡ್. ಫ್ರೀ."

"ವಾಕ್ಯದಾಗ?"

"ಟೀಚರು ರವಿವಾರ ಫ್ರೀ ಅದಾರೇನ್ರಿ?"

ಅವಳ ತುಟಿಯಂಚು ನಕ್ಕಿತು, ಕಣ್ಣು ನಗಲಿಲ್ಲ.

"ರವಿವಾರ ನನ್ನ ನೋಡಾಕ ಗುಂಜಿ ಊರಿನ ವರನ ಕಡೆಯವರು ಬರ್ತಾರ. ಸಕ್ಕರಿ ಪುಡಿಕಿ ನನ್ನ ಕೈಯಾಗಿಟ್ರ ಲಗ್ನ ನಿಶ್ಚಯ ಆದಂಗ."

ಎದೆ ಒಡೆಯಿತು. ಅಂದೇ ಅವಳ ಅಣ್ಣ ದಿಗಂಬರನಿಗೆ ಟಪಾಲು ಹಾಕಿದೆ. ನನಗೆ ಬರೆಯಲು ಬರುತ್ತಿದ್ದದ್ದು ಒಂದೇ ನಮೂನೆಯ ಪತ್ರ, ಅರ್ಜಿ: "ಮಾನ್ಯರೇ, ತಮ್ಮ ತಂಗಿ ಅವೇಲೆಬಲ್ ಇದ್ದಲ್ಲಿ, ಗಂಡನ ಹುದ್ದೆಗೆ ನನ್ನ ಸೇವೆ ಅಟ್ ಯುವರ್ ಡಿಸ್ಪೋಸಲ್."

ಶನಿವಾರ ದಿಗಂಬರ ಸೈಕಲ್ ಚೈನು ಸುತ್ತಿಕೊಂಡು ಬಸ್ಸಿನಿಂದ ಇಳಿದ. ಹಿಂದೆ ನಲವತ್ತು ಪೈಲ್ವಾನರು.

"ಅವೇಲೆಬಲ್ ಅನ್ನಾಕ ನನ್ನ ತಂಗಿ ಬಾಡಿಗಿ ಖೋಲಿ ಏನಲೇ?"

ಗುದ್ದಿಗೊಂದು ಪಾಠ ಒಪ್ಪಿಸಿದೆ ನಾನು. ಮೂಗು ಜಜ್ಜಿ "ಅಟ್ ಹ್ಯಾಂಡ್!" ಹಲ್ಲು ಉದುರಿಸಿ "ರೆಡಿ!" ಪಕ್ಕೆಲುಬು ಮುರಿದು "ಅಟ್ ಯುವರ್ ಸರ್ವೀಸ್!" ರಕ್ತ ಹರಿದು ಮಲಪ್ರಭೆ ಕೆಂಪಾಯಿತು...

"ಏನ್ರೀ," ಇದನ್ನು ಬರೆಯುತ್ತಿರುವಾಗಲೇ ಹಿಂದಿನಿಂದ ಕುಂದಾ ಓದಿಬಿಟ್ಟಳು. "ಉದುರಿದ್ದು ಯಾರ ಹಲ್ಲು?"

"...ನನ್ನವು."

"ಬಂದವರು ಎಷ್ಟು ಮಂದಿ?"

"ನಿಮ್ಮಣ್ಣ ಒಬ್ಬನ."

"ಮುಂದ?"

ಆಯಿತು, ಖರೇ ಬರೆಯುತ್ತೇನೆ. ಮೊದಲ ಏಟಿಗೇ ಬಿದ್ದೆ. ಎರಡನೆಯದು ಪಕ್ಕೆಲುಬಿಗೆ. ಬಾಯಿತುಂಬ ರಕ್ತ ಇಟ್ಟುಕೊಂಡು ಅವನ ಕಾಲು ಹಿಡಿದೆ: "ಬಿಡ್ರೀ, ನಿಮ್ಮ ತಂಗಿ ನನಗ ಬ್ಯಾಡ. ಇನ್ನ ಖಾಸಬಾಗದ ಕಡೆ ಬರಂಗಿಲ್ಲ."

ಮುಂದಿನ ಬಸ್ಸಿಗೆ ಓಡಿಬಂದ ಕುಂದಾ ಅಷ್ಟನ್ನೂ ಕೇಳಿದಳು. ಕೇಳಿಯೂ, ಮೂರನೇ ಏಟಿಗೆ ಎತ್ತಿದ ಚೈನನ್ನು ಬರಿಗೈಯಲ್ಲಿ ಹಿಡಿದಳು. ಅಂಗೈ ಸೀಳಿತು.

"ಅವರು ಬರೂದು ಬ್ಯಾಡಣ್ಣಾ," ಅಂದಳು. "ನಾನ ಬಂದೀನಿ."